ಕೇಬಲಿನ ಇನ್ನೊಂದು ತುದಿ

ಕೇಟಾ
ಫೆಬ್ರವರಿ 12, 1998

ಸಿತ್ಸೊಫೆ,

ಈ ದಪ್ಪ ಅಕ್ಷರ ನೋಡಿ ಯಾವುದೋ ಶಾಲೆಯ ಮಗು ಬರೆದಿದೆ ಅಂದುಕೊಳ್ಳಬೇಡ. ನನ್ನ ಕಣ್ಣಿಗೆ ಪೊರೆ ಬಂದಿದೆ, ಸಣ್ಣಗೆ ಬರೆದರೆ ನನಗೇ ಕಾಣುವುದಿಲ್ಲ. ನಾನು ದೊತ್ಸೆ. ಮೀನುಗಾರರ ಸಂಘದ ರೇಡಿಯೊ ಷೆಡ್ಡಿನಲ್ಲಿ ಹನ್ನೊಂದು ವರ್ಷ ನಿನ್ನ ಪಕ್ಕದಲ್ಲಿ ಕೂತು ಕೇಬಲ್ ಸುಲಿದವನು.

ನಿನ್ನ ವಿಳಾಸ ತಂದವಳು ಯಾಯ್ರಾ. ನಮ್ಮೂರಿಗೊಂದು ಪುಟ್ಟ ರೇಡಿಯೊ ಕೇಂದ್ರ ಬಂದಿದೆ, ಅದನ್ನು ನಡೆಸುವ ಹುಡುಗಿ. ಸಾಮಾನು ತರಲು ಟೇಮಾಗೆ ಹೋಗಿದ್ದಳು. ಅಂಗಡಿಯವನು, "ಉಪ್ಪುನೀರು ಕುಡಿದ ಕೇಬಲ್ಲಾ? ಬಂದರಿನ ಗೇಟ್ ಪಕ್ಕ ಒಬ್ಬಳು ಕೇಟಾ ಹೆಂಗಸಿದ್ದಾಳೆ. ಅವಳು ಜೋಡಿಸಿದ್ದನ್ನ ಬಿಚ್ಚೋಕೆ ಅವಳೇ ಬರ್ಬೇಕು" ಅಂದನಂತೆ. ಹೆಸರು ಕೇಳುವ ಮೊದಲೇ ನನಗೆ ಗೊತ್ತಾಯಿತು.

ವಿಷಯ ಇಷ್ಟು. ಟ್ರಾನ್ಸ್‌ಮಿಟರಿನಿಂದ ಗೋಪುರದ ಮೇಲಿನ ಆಂಟೆನಾಗೆ ಹೋಗುವ ಕೊಆಕ್ಸಿಯಲ್ ಕೇಬಲ್ ದಾನವಾಗಿ ಬಂದದ್ದು, ಎಲ್ಲೋ ಬಳಸಿ ಬಿಟ್ಟದ್ದು. ಉದ್ದ ಜಾಸ್ತಿಯೆಂದು ಯಾರೋ ಕತ್ತರಿಸಿ ಕನೆಕ್ಟರ್ ಸಿಕ್ಕಿಸಿದ್ದಾರೆ. ಸಮುದ್ರದ ಕಡೆಯಿಂದ ತೇವದ ಗಾಳಿ ಬೀಸಿದರೆ ಸಾಕು, ಧ್ವನಿ ಆಂಲೊಗಾದ ಈರುಳ್ಳಿ ಹೊಲದವರೆಗೂ ಮುಟ್ಟುವುದಿಲ್ಲ. ದೋಣಿಯವರು ಈಗ ಪುಟ್ಟ ಟ್ರಾನ್ಸಿಸ್ಟರ್ ಇಟ್ಟುಕೊಂಡು ಹೋಗುತ್ತಾರೆ. ಗಾಳಿ ಏಳುತ್ತದೆ, ವಾಪಸ್ ಬನ್ನಿ ಎಂದು ಯಾಯ್ರಾ ಕೂಗುವ ಹೊತ್ತಿಗೆ ಸರಿಯಾಗಿ ಕೇಬಲ್ ಗಂಟಲು ಕಟ್ಟಿಕೊಂಡರೆ ಹೇಗೆ? ಜುಲೈಯಲ್ಲಿ ಮೀನಿನ ಕಾಲ ಶುರು. ಅಷ್ಟರೊಳಗೆ ಸರಿಯಾಗಬೇಕು. ಏನು ಮಾಡಲಿ, ಎಲ್ಲಿಂದ ಶುರು ಮಾಡಲಿ, ಒಂದು ಕಾಗದ ಬರಿ.

ನಮ್ಮ ಷೆಡ್ಡು ಈಗ ಇಲ್ಲ. ಸಮುದ್ರ ತೆಗೆದುಕೊಂಡು ಹೋಯಿತು. ಮೊನ್ನೆ ಇಳಿತದಲ್ಲಿ ಅದರ ಸಿಮೆಂಟು ನೆಲದ ಒಂದು ಮೂಲೆ ಮರಳಿನಿಂದ ಮೇಲೆದ್ದಿತ್ತು. ಹೋಗಿ ನಿಂತೆ. ಬೆಂಚು ಎಲ್ಲಿತ್ತು, ನಿನ್ನ ಸ್ಟೂಲು ಎಲ್ಲಿತ್ತು ಎಂದು ಹೆಜ್ಜೆಯಲ್ಲಿ ಅಳೆಯುತ್ತಿದ್ದಾಗ ಅಲೆ ಬಂದು ಮೊಣಕಾಲು ಒದ್ದೆ ಮಾಡಿತು.

ನಿನ್ನ ಹಳೆಯ ಜೊತೆಗಾರ,
ದೊತ್ಸೆ ಕುಮೋಜಿ


ಟೇಮಾ
ಮಾರ್ಚ್ 3, 1998

ದೊತ್ಸೆ ಅವರಿಗೆ,

ಕಾಗದ ತಲುಪಿತು. ಕೆಲಸದ ಮಾತು ಮಾತ್ರ ಬರೆಯುತ್ತೇನೆ.

ಮೊದಲು ಎರಡೂ ತುದಿ ಬಿಚ್ಚಿ. ನಡುವಿನ ತಂತಿಗೂ ಸುತ್ತಲಿನ ತಾಮ್ರದ ಬಲೆಗೂ ಮೀಟರ್ ಇಟ್ಟು ನೋಡಿ, ಮುಳ್ಳು ಅಲ್ಲಾಡಬಾರದು. ಅಲ್ಲಾಡಿದರೆ ಒಳಗೆ ನೀರಿದೆ. ತುದಿಯಿಂದ ಒಂದು ಗೇಣು ಕತ್ತರಿಸಿ ಕಪ್ಪು ಸಿಪ್ಪೆ ಸೀಳಿ. ಬಲೆ ಹಸಿರೋ ಕಪ್ಪೋ ಆಗಿದ್ದರೆ ಇನ್ನೊಂದು ಗೇಣು. ತಾಮ್ರ ಹೊಸ ಪೆಸೆವಾ ನಾಣ್ಯದ ಹಾಗೆ ಹೊಳೆಯುವವರೆಗೆ ಕತ್ತರಿಸುತ್ತಾ ಹೋಗಿ, ಜಿಪುಣತನ ಬೇಡ. ಒಂದೇ ಒಂದು ಹಸಿರು ಎಳೆ ಉಳಿದರೂ ಅದು ಬತ್ತಿಯ ಹಾಗೆ ನೀರು ಎಳೆದುಕೊಳ್ಳುತ್ತದೆ. ಬೆಸುಗೆಯ ಕಾವು ಎರಡು ಎಣಿಸುವಷ್ಟು ಹೊತ್ತು ಮಾತ್ರ. ಹೆಚ್ಚಾದರೆ ಬಿಳಿ ತಿರುಳು ಕರಗಿ ನಡುತಂತಿ ಪಕ್ಕಕ್ಕೆ ಸರಿಯುತ್ತದೆ. ಕನೆಕ್ಟರ್ ಮುಚ್ಚುವ ಮೊದಲು ಬೆಳಕಿಗೆ ಹಿಡಿದು ಸುತ್ತ ನೋಡಿ, ಬಲೆಯ ಕೂದಲೆಳೆಯೊಂದೂ ನಡುತಂತಿಯ ಕಡೆ ಬಾಗಿರಬಾರದು. ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು, ಕೆಳಗಿನಿಂದ ಮೇಲಕ್ಕೆ, ಹಂಚು ಹೊದಿಸಿದಂತೆ ಒಂದರ ಮೇಲೊಂದು ಅರ್ಧ ಕೂರುವಂತೆ ಸುತ್ತಿ. ಗೋಡೆಯೊಳಗೆ ಹೋಗುವ ಮೊದಲು ಕೇಬಲ್ ಒಮ್ಮೆ ಕೆಳಗೆ ಜೋತು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ.

ಕೆಳತುದಿಯಷ್ಟೇ ಸಾಲದು, ಗೋಪುರದ ಮೇಲುತುದಿಯನ್ನೂ ಹೀಗೇ ಮಾಡಬೇಕು. ಕಣ್ಣು ಕಾಣದೆ ಅಲ್ಲಿಗೆ ಹತ್ತಬೇಡಿ.

ಇವೆಲ್ಲ ನಿಮಗೆ ಗೊತ್ತಿಲ್ಲದ್ದೇನಲ್ಲ.

ಸಿತ್ಸೊಫೆ ಅಗ್ಬೊಜೊ


ಕೇಟಾ
ಮಾರ್ಚ್ 24, 1998

ಸಿತ್ಸೊಫೆ,

ಗೊತ್ತಿತ್ತು, ಆದರೆ ಕೈ ಮರೆತಿತ್ತು. ನಿನ್ನ ಕಾಗದವನ್ನು ಯಾಯ್ರಾ ಗಟ್ಟಿಯಾಗಿ ಓದಿದಳು, ನಾನು ಸುಲಿದೆ. ಹತ್ತು ಗೇಣು ಕತ್ತರಿಸಿದ ಮೇಲೆ ಹೊಳೆಯುವ ತಾಮ್ರ ಸಿಕ್ಕಿತು. "ಕೇಬಲ್ ಪೂರಾ ಕತ್ತರಿಸಿ ಹಾಕ್ತೀರಾ ಅಜ್ಜ? ಕೊನೆಗೆ ಕನೆಕ್ಟರ್ ಒಂದೇ ಮಿಕ್ಕೀತು" ಎಂದು ಅವಳು ಗೊಣಗುತ್ತಲೇ ಇದ್ದಳು. ಬೆಸುಗೆ ಹಾಕುವಾಗ ಅವಳೇ ಒಂದು ಎರಡು ಎಣಿಸಿದಳು. ಈಗ ಕೆಳತುದಿ ಸರಿಯಾಗಿದೆ. ಒಣಗಾಳಿಯ ದಿನ ಧ್ವನಿ ಹಿನ್ನೀರಿನ ಆಚೆ ದಡಕ್ಕೂ ಕೇಳುತ್ತದಂತೆ. ತೇವವಾದರೆ ಮತ್ತೆ ಅದೇ ಗಂಟಲು. ಕೆಲಸ ಬಲ್ಲವನಿಗೆ ಮೇಲುತುದಿಗೆ ಹತ್ತಲಾಗದು. ಹತ್ತುವವರಿಗೆ ಕೆಲಸ ಬರುವುದಿಲ್ಲ.

ಬೆಸುಗೆಯ ರೋಸಿನ್ ಹೊಗೆ ಮೂಗಿಗೆ ಹೊಡೆದಾಗ ನನಗೆ ತೊಬೆ ಅಕೋಲಿಯ ನೆನಪಾಯಿತು. ಹಡಗುಗಳಲ್ಲಿ ಮುಪ್ಪಾಗಿ ಬಂದ ಆ ಮುದುಕ ನಮ್ಮಿಬ್ಬರಿಗೂ ಕಲಿಸಿದ್ದು ಒಂದೇ ಚಾಕುವಿನಲ್ಲಿ. ನೀನು ಬಂದ ಮೊದಲ ದಿನ ಸಂಘದವರು, "ಹೆಣ್ಣು ಹುಡುಗಿಗೆ ಬಲೆ ಹೆಣೆಯೋ ಕೆಲಸ ಕೊಡಿ" ಅಂದರೆ, ಅವನು ಕೇಬಲ್ಲಿನ ತುದಿ ಎತ್ತಿ ತೋರಿಸಿ, "ಇದೂ ಬಲೇನೇ, ನೋಡ್ರಯ್ಯ" ಅಂದಿದ್ದ. ನೀನು ನಗಲಿಲ್ಲ. ತಲೆ ಬಗ್ಗಿಸಿ ಸುಲಿಯುತ್ತಲೇ ಇದ್ದೆ.

ಮಧ್ಯಾಹ್ನ ನಿಮ್ಮಮ್ಮ ಎಲೆಯಲ್ಲಿ ಸುತ್ತಿ ಕಳಿಸುತ್ತಿದ್ದ ಮೆಕ್ಕೆಜೋಳದ ಹಿಟ್ಟಿನ ಅಬೊಲೊ, ಜೊತೆಗೆ ಕರಿದ ಸಣ್ಣ ಮೀನು. ಬೆಂಚಿನ ಮೇಲೆ ತಾಮ್ರದ ಚೂರು ಬಿದ್ದಿರುತ್ತಿತ್ತು, ಪಕ್ಕಕ್ಕೆ ಸರಿಸಿ ತಿನ್ನುತ್ತಿದ್ದೆವು. ಆ ಅಬೊಲೊ ಮತ್ತೆ ತಿನ್ನಲಿಲ್ಲ. ಈಗ ಮಾಡುವವರು ಸಕ್ಕರೆ ಜಾಸ್ತಿ ಹಾಕುತ್ತಾರೆ.

ದೊತ್ಸೆ


ಟೇಮಾ
ಏಪ್ರಿಲ್ 17, 1998

ಎಫೊ, ದೊತ್ಸೆ ಅಣ್ಣ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು.

ಅಮ್ಮನ ಅಬೊಲೊ ಎಂದು ನೀವು ಬರೆಯಬಾರದಿತ್ತು. ಇಡೀ ದಿನ ಕೆಲಸ ಸಾಗಲಿಲ್ಲ. ಹಾಗೆಯೇ ತೊಬೆ ಅಕೋಲಿ. ನಾನು ಒಮ್ಮೆ ಸಿಪ್ಪೆ ಸುಲಿಯುವಾಗ ಬಲೆಯ ಎರಡು ಎಳೆ ಕತ್ತರಿಸಿಬಿಟ್ಟಿದ್ದೆ. "ಕೋಳಿ ಕುಯ್ದಂಗೆ ಕುಯ್ತೀಯಲ್ಲೇ. ನಿದ್ದೆ ಮಾಡೋ ಮಗೂನ ಅಂಗಿ ಬಿಚ್ಚಿದಂಗೆ ಬಿಚ್ಚು" ಅಂದಿದ್ದ. ನನಗೆ ಮಕ್ಕಳಾಗಲಿಲ್ಲ. ಆದರೂ ಟೇಮಾದಲ್ಲಿ ನನ್ನ ಕೈಕೆಳಗೆ ಕಲಿತ ನಾಲ್ವರು ಹೆಂಗಸರಿಗೂ ಅದೇ ಮಾತು ಹೇಳಿದ್ದೇನೆ.

ಇಲ್ಲಿ ಟ್ಯೂನಾ ಹಡಗುಗಳ ಕೇಬಲ್ ಬರುತ್ತವೆ. ಉದ್ದ ಬದಲಿಸುವುದು, ತುದಿ ಬದಲಿಸುವುದು, ಸತ್ತದ್ದನ್ನು ಎಬ್ಬಿಸುವುದು. ನನ್ನ ಷೆಡ್ಡಿನಲ್ಲೊಂದು ನೀಲಿ ಡ್ರಮ್ಮು ಇದೆ, ತುಂಬ ಸಮುದ್ರದ ನೀರು. ಜೋಡಿಸಿದ ಪ್ರತಿ ತುದಿಯನ್ನೂ ಅದರಲ್ಲಿ ಮೂರು ದಿನ ಮುಳುಗಿಸಿಟ್ಟು ಆಮೇಲೆ ಮೀಟರ್ ಇಡುತ್ತೇನೆ. ಹಡಗಿನವರು ಬೈಯುತ್ತಾರೆ. "ಮೇಡಂ, ಹಡಗು ಹೊರಟೋಗುತ್ತೆ, ನಿಮ್ಮ ಕೇಬಲ್ ಇನ್ನೂ ಸ್ನಾನ ಮಾಡ್ತಿರುತ್ತೆ." ಬೈಯಲಿ. ಮೂರು ದಿನವೆಂದರೆ ಮೂರು ದಿನ.

ಯಾಕೆ ಎಂದು ನಿಮಗೆ ಗೊತ್ತು. ಸೆನಾನು ಹೆಸರನ್ನು ನೀವೂ ಎರಡು ಕಾಗದಗಳಲ್ಲಿ ಬರೆದಿಲ್ಲ. ನಾನು ಬರೆಯುತ್ತೇನೆ. ಸೆನಾನು ನಿಮ್ಮ ತಮ್ಮ. ಬಾಗಿಲಲ್ಲಿ ಎಡವದೆ ಒಳಗೆ ಬಂದದ್ದೇ ಇಲ್ಲ. ನನ್ನ ಎಲೆಯಿಂದ ಮೀನು ಎತ್ತಿಕೊಂಡು, "ಮುಳ್ಳು ತೆಗ್ದು ಕೊಡ್ತಿದ್ದೆ ಅಷ್ಟೇ" ಅನ್ನುತ್ತಿದ್ದ. ಅವನು ನಡೆಸುತ್ತಿದ್ದ ಲಾಂಚಿಗೆ ನಾನು ಕೇಬಲ್ ಮಾಡಿಕೊಟ್ಟೆ. ಎಂಜಿನ್ ನಿಂತ ದಿನ ರೇಡಿಯೊ ಮಾತಾಡಲಿಲ್ಲ. ಐದು ದಿನ ತೇಲಿದರು. ಇಬ್ಬರು ಬದುಕಿ ಬಂದರು, ಅವನು ಬರಲಿಲ್ಲ.

ಸಂಘದ ಕಮಿಟಿಯವರು ಕೇಬಲ್ ಬಿಚ್ಚಿ ನೋಡಿದಾಗ ನನ್ನನ್ನು ಒಳಗೆ ಬಿಡಲಿಲ್ಲ. ಮುರಿದ ಮಾಸ್ಟು ಕಂಬದ ತುದಿಯಲ್ಲಿ ನನ್ನ ಜೋಡಣೆ ನೀರು ಕುಡಿದಿತ್ತು ಎಂದಷ್ಟೇ ಹೊರಗೆ ಬಂದು ಹೇಳಿದರು. ಬಿಚ್ಚುವಾಗ ನೀವು ಅಲ್ಲಿದ್ದಿರಿ. ಇಷ್ಟು ವರ್ಷ ಯಾರನ್ನೂ ಕೇಳದ್ದನ್ನು ಈಗ ಕೇಳುತ್ತಿದ್ದೇನೆ. ಟೇಪು ಎಲ್ಲಿ ಬಿಟ್ಟುಕೊಂಡಿತ್ತು? ಕೆಳಗಿನ ಸುತ್ತಿನಲ್ಲೋ ಮೇಲಿನದರಲ್ಲೋ? ನಾನು ಯಾವ ತಪ್ಪು ಮಾಡಿದೆ ಎಂದು ಗೊತ್ತಾದರೆ ಆ ಒಂದನ್ನು ಹಿಡಿದುಕೊಂಡು ಇರಬಹುದು. ಗೊತ್ತಿಲ್ಲದೆ ಎಲ್ಲವನ್ನೂ ಹಿಡಿದುಕೊಂಡಿದ್ದೇನೆ.

ಸಿತ್ಸೊಫೆ


ಕೇಟಾ
ಮೇ 5, 1998

ಸಿತ್ಸೊಫೆ,

ಈ ಕಾಗದವನ್ನು ನೀನು ಒಬ್ಬಳೇ ಇರುವಾಗ ಓದು.

ಟೇಪು ಎಲ್ಲೂ ಬಿಟ್ಟಿರಲಿಲ್ಲ. ರೇಡಿಯೊ ಸತ್ತ ಮೇಲೆ ಮಾಸ್ಟು ಮುರಿದು ದಿನಗಟ್ಟಲೆ ಸಮುದ್ರದಲ್ಲಿ ಬಿದ್ದಿತ್ತು. ಯಾರ ಜೋಡಣೆಯಾದರೂ ಅಷ್ಟು ದಿನ ಎಳೆದಾಡಿಸಿಕೊಂಡರೆ ನೀರು ಕುಡಿಯುತ್ತದೆ. ಲಾಂಚು ಹೊರಟ ದಿನ ನಿನ್ನ ತುದಿ ಕಲ್ಲಿನ ಹಾಗಿತ್ತು.

ಹೋದದ್ದು ಕೆಳತುದಿ, ಕ್ಯಾಬಿನ್ನಿನ ಕಡೆಯದು. ಅದು ನಿನ್ನ ಕೈಯದಲ್ಲ, ನನ್ನದು. ಅವತ್ತು ನೀನು ಆಂಲೊಗಾಗೆ ಮದುವೆಗೆ ಹೋಗಿದ್ದೆ. ಬೆಳಿಗ್ಗೆ ಸೆನಾನು ಬಂದ. "ಅಣ್ಣ, ಕೇಬಲ್ ಉದ್ದ ಆಯ್ತು. ಕ್ಯಾಬಿನ್ನಲ್ಲಿ ಸುರುಳಿ ಬಿದ್ದಿರುತ್ತೆ, ನಾನು ಎಡವ್ತೀನಿ" ಅಂದ. "ನೀನು ನೆಲಕ್ಕೇ ಎಡವೋನು" ಅಂದೆ. ನಗುತ್ತಾ ಒಂದೂವರೆ ಮೀಟರ್ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದೆ. ಅವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದ. ದಡದಿಂದ ಮಾತಾಡಿ ನೋಡಿದೆವು, ಚೆನ್ನಾಗಿ ಕೇಳಿತು. ಕೆಲಸದ ಪುಸ್ತಕದಲ್ಲಿ ಬರೆಯಲಿಲ್ಲ. ಹತ್ತು ನಿಮಿಷದ ಕೆಲಸ, ತಮ್ಮನ ಕೆಲಸ, ಏನು ಬರೆಯುವುದು ಅಂದುಕೊಂಡೆ.

ಲಾಂಚನ್ನು ಎಳೆದು ತಂದ ದಿನ ಎಲ್ಲರೂ ಸೆನಾನುವಿನ ಹೆಣ ಇಳಿಸುತ್ತಿದ್ದಾಗ ನಾನು ಕ್ಯಾಬಿನ್ನಿಗೆ ಹೋದೆ. ನನ್ನ ಕನೆಕ್ಟರ್ ಬಿಚ್ಚಿದೆ. ಬಲೆಯ ಒಂದೇ ಒಂದು ಎಳೆ, ಕೂದಲಿಗಿಂತ ತೆಳು, ಬಾಗಿ ನಡುತಂತಿಯನ್ನು ಮುಟ್ಟಿಕೊಂಡು ಕೂತಿತ್ತು. ದಡದಲ್ಲಿ ತಾಗಿರಲಿಲ್ಲ, ಎಂಜಿನ್ನಿನ ನಡುಕಕ್ಕೆ ಹೋಗಿ ತಾಗಿತ್ತು. ನಿನ್ನ ಮಾರ್ಚಿನ ಕಾಗದದಲ್ಲಿ ಯಾಯ್ರಾ ಬಲೆಯ ಕೂದಲೆಳೆಯ ಸಾಲು ಓದಿದಾಗ ನಾನು ಎದ್ದು ಹೊರಗೆ ಹೋದೆ, ನೀರು ಕುಡಿದು ಬರುತ್ತೇನೆ ಅಂದೆ.

ಆ ತುದಿಯನ್ನು ಕತ್ತರಿಸಿದೆ. ಸಮುದ್ರಕ್ಕೆ ಎಸೆದರೆ ಅದು ತಿರುಗಿ ದಡಕ್ಕೆ ತಂದೀತು ಎಂದು ಹಿನ್ನೀರಿಗೆ ಎಸೆದೆ. ಕಮಿಟಿ ಬರುವ ಹೊತ್ತಿಗೆ ಉಳಿದದ್ದು ನಿನ್ನ ತುದಿ ಮಾತ್ರ. "ಈ ಜೋಡಣೆ ಯಾರದು?" ಎಂದು ಕೇಳಿದರು. "ಸಿತ್ಸೊಫೆಯದು" ಅಂದೆ. ಸುಳ್ಳು ಹೇಳಲಿಲ್ಲ. ನಿಜ ಹೇಳಿಯೇ ನಿನ್ನನ್ನು ಮುಳುಗಿಸಿದೆ.

ನಮ್ಮಮ್ಮ ಬದುಕಿದ್ದಳು. ಒಬ್ಬ ಮಗನ ಕೈಯಿಂದ ಇನ್ನೊಬ್ಬ ಮಗ ಹೋದ ಎಂದು ಅವಳಿಗೆ ಹೇಗೆ ಹೇಳುವುದು ಎಂಬುದು ನನ್ನ ನೆಪವಾಗಿತ್ತು. ಎಂಬತ್ತಾರನೇ ಇಸವಿಯಲ್ಲಿ ಅವಳು ತೀರಿಕೊಂಡಳು, ನೆಪವೂ ತೀರಿತು. ಆಮೇಲೆ ಸುಮ್ಮನಿರುವುದು ಅಭ್ಯಾಸವಾಯಿತು.

ಕ್ಷಮಿಸು ಎಂದು ಬರೆಯುವ ಮುಖ ನನಗಿಲ್ಲ.

ದೊತ್ಸೆ


ಕೇಟಾ
ಜೂನ್ 15, 1998

ಸಿತ್ಸೊಫೆ,

ಆರು ವಾರವಾಯಿತು. ಉತ್ತರ ಬೇಕೆಂದು ಕೇಳುತ್ತಿಲ್ಲ. ಕಾಗದ ಸೇರಿತೋ ಇಲ್ಲವೋ ಎಂಬುದಷ್ಟೇ.

ಮಳೆ ಹಿಡಿದಿದೆ. ಗೋಪುರದ ಮೇಲಿನ ತುದಿ ಪೂರ್ತಿ ಕೈಕೊಟ್ಟಿತು. ಎಂಟು ದಿನದಿಂದ ಕೇಂದ್ರ ಮಾತಾಡುತ್ತಿಲ್ಲ.

ದೊತ್ಸೆ


ಟೇಮಾ
ಜುಲೈ 12, 1998

ದೊತ್ಸೆ ಅವರಿಗೆ,

ಕಾಗದ ಸೇರಿತು.

ಓದಿದ ದಿನ ನಾನು ಷೆಡ್ಡಿನ ಬಾಗಿಲು ಹಾಕಿಕೊಂಡು ಡ್ರಮ್ಮಿನ ನೀರನ್ನೆಲ್ಲ ಚೆಲ್ಲಿದೆ. ಮರುದಿನ ಮತ್ತೆ ತುಂಬಿಸಿದೆ. ತಪ್ಪು ನನ್ನದಲ್ಲ ಎಂದು ಗೊತ್ತಾದರೆ ಹಗುರವಾಗುತ್ತದೆ ಎಂದು ಯಾರಾದರೂ ಅಂದುಕೊಂಡಾರು. ಹಗುರವಾಗಲಿಲ್ಲ. ಹದಿನಾರು ವರ್ಷ ಹೊತ್ತದ್ದನ್ನು ಇಳಿಸಲು ನನಗೆ ಜಾಗವೇ ಕಾಣಲಿಲ್ಲ.

ನೀವು ಏನು ಮಾಡಿದಿರಿ ಎಂದು ನಿಮಗೆ ತಿಳಿದಿರಲಿ, ಬರೆಯುತ್ತೇನೆ. ಸೆನಾನುವಿನ ಹೆಂಡತಿ ಕೊಕುಯಿ ನಮ್ಮ ಮನೆಯ ಮುಂದೆ ಎಂಟು ದಿನ ಕೂತು ಅತ್ತಳು. ಮಾರುಕಟ್ಟೆಯಲ್ಲಿ ಅಮ್ಮನ ಅಬೊಲೊ ಯಾರೂ ಮುಟ್ಟಲಿಲ್ಲ. ಸಂಜೆ ಬುಟ್ಟಿ ಹಾಗೇ ವಾಪಸ್ ಬರುತ್ತಿತ್ತು, ಅಮ್ಮ, ನಾನು ಅದನ್ನೇ ತಿನ್ನುತ್ತಿದ್ದೆವು. ಒಂಬತ್ತನೆಯ ದಿನ ಅಮ್ಮ, "ನೀನು ಹೋಗು, ನೀನು ಹೋದ್ರೆ ನನ್ ಹತ್ರ ತಗೋತಾರೆ" ಅಂದಳು. ಹೋದೆ. ಅವಳು ತೊಂಬತ್ತನೇ ಇಸವಿಯಲ್ಲಿ ತೀರಿಕೊಂಡಾಗ ಕಪ್ಪು ಬಟ್ಟೆ ಉಟ್ಟು ಆಂಲೊಗಾವರೆಗೆ ಬಂದೆ. ಅಲ್ಲಿಂದ ಮುಂದೆ ಬರಲಿಲ್ಲ. ಚಿಕ್ಕಮ್ಮನ ಮಗಳ ಕೈಯಲ್ಲಿ ಹೊದಿಸುವ ಬಟ್ಟೆ ಕಳಿಸಿ ರಸ್ತೆ ಬದಿ ಕೂತಿದ್ದೆ. ಕೇಟಾದ ಕಡೆಯಿಂದ ಡೋಲಿನ ಸದ್ದು ಗಾಳಿಯಲ್ಲಿ ಬಂದು ಬಂದು ಹೋಗುತ್ತಿತ್ತು. ನನ್ನ ಅಮ್ಮನದೋ ಬೇರೆಯವರದೋ ಗೊತ್ತಾಗಲಿಲ್ಲ.

ಆ ಹನ್ನೊಂದು ವರ್ಷವೇ ನನ್ನ ಬದುಕಿನ ಒಳ್ಳೆಯ ಕಾಲ ಎಂದುಕೊಂಡಿದ್ದೆ. ಅದನ್ನೂ ಈಗ ಹೇಗೆ ನೆನೆಯಬೇಕೋ ತಿಳಿಯುತ್ತಿಲ್ಲ. ನನ್ನ ಪಕ್ಕ ಕೂತು ನಗುತ್ತಿದ್ದವರು ನೀವೇ. ಸೋಲ್ಡರ್ ಸುಟ್ಟ ನನ್ನ ಬೆರಳಿಗೆ ತಾಳೆಎಣ್ಣೆ ಹಚ್ಚಿದವರೂ ನೀವೇ.

ನನಗೆ ಹೇಳಿದ್ದು ಸಾಲದು. ಕೊಕುಯಿಗೆ ಹೇಳಿ. ಕಾಗದದಲ್ಲಲ್ಲ, ಪಾದ್ರಿಯ ಮೂಲಕವೂ ಅಲ್ಲ. ಹಗಲಿನಲ್ಲಿ ಅವಳ ಅಂಗಳಕ್ಕೆ ಹೋಗಿ ನೀವೇ ಹೇಳಿ. ಅದಾಗುವವರೆಗೆ ನನಗೆ ಬರೆಯಬೇಡಿ.

ಸಿತ್ಸೊಫೆ ಅಗ್ಬೊಜೊ


ಕೇಟಾ
ಆಗಸ್ಟ್ 2, 1998

ಸಿತ್ಸೊಫೆ,

ನಿನ್ನೆ ಹೋಗಿ ಹೇಳಿದೆ.

ಹತ್ತು ದಿನ ದಿನವೂ ಹೊರಟು ಬೇಲಿಯವರೆಗೆ ಹೋಗಿ ತಿರುಗಿ ಬಂದಿದ್ದೆ. ನಿನ್ನೆ ಅವಳೇ ಕಂಡು ಕರೆದಳು. ಅಂಗಳದಲ್ಲಿ ಮೀನು ಹೊಗೆಗಿಟ್ಟಿದ್ದಳು.

"ಏನ್ ಭಾವ, ದಿನಾ ಬೇಲಿ ಮುಟ್ಟಿ ಹೋಗ್ತೀರಂತೆ? ಮಕ್ಕಳು ಆಡ್ಕೊಂಡು ನಗ್ತಿದಾವೆ."

"ಕೂತ್ಕೊ ಕೊಕುಯಿ. ಒಂದು ಮಾತಿದೆ."

"ಕೂತ್ರೆ ಮೀನು ಸೀದೋಗುತ್ತೆ. ಹೇಳಿ, ನಾನೇನು ಕೈಯಲ್ಲಿ ಕೇಳ್ತೀನಾ?"

ನಿನಗೆ ಬರೆದದ್ದನ್ನೆಲ್ಲ ಹೇಳಿದೆ. ಅವಳು ಒಂದೊಂದೇ ಮೀನು ತಿರುವಿ ಹಾಕುತ್ತಿದ್ದಳು. ನಾನು ಮುಗಿಸಿದ ಮೇಲೂ ಇಡೀ ಸಾಲು ತಿರುವಿದಳು. ಆಮೇಲೆ ಕೇಳಿದಳು:

"ಆ ತುಂಡು ಎಲ್ಲಿಗೆ ಎಸೆದ್ರಿ?"

"ಹಿನ್ನೀರಿಗೆ."

"ಎಲ್ಲಿ?"

"ದೋಣಿ ಕಟ್ಟೆ ಹತ್ರ."

"ಹದಿನಾರು ವರ್ಷದಿಂದ ನಾನು ಮೀನಿನ ಬುಟ್ಟಿ ಅಲ್ಲೇ ತೊಳೀತಿದೀನಿ" ಅಂದಳು.

ಅವಳೇ ಮುಂದುವರಿಸಿದಳು. "ಈ ಮನೆ ಚಾವಣಿ ನೀವೇ ಏರಿ ಹಾಕಿದ್ರಿ. ದೊಡ್ಡೋಳ ಮದ್ವೇಲಿ ಅಪ್ಪನ ಜಾಗದಲ್ಲಿ ನಿಂತ್ರಿ. ಎಲ್ಲ ಅದಕ್ಕೇನಾ?"

"ಅದಕ್ಕೂ ಹೌದು. ಅವನು ನನ್ನ ತಮ್ಮ, ಅದಕ್ಕೂ ಹೌದು."

"ನಮ್ ಭಾವನಂಥೋರು ಕೇಟಾದಲ್ಲೇ ಇಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ದೆ ನಾನು." ಒಲೆಗೆ ಒಂದು ಕೊಳ್ಳಿ ತಳ್ಳಿ, "ಈಗ ಮನೆಗೆ ಹೋಗಿ. ಊಟ ಮಾಡ್ಕೊಂಡು ಹೋಗಿ ಅನ್ನೋಕೆ ಇವತ್ತು ಬಾಯಿ ಬರ್ತಿಲ್ಲ" ಅಂದಳು.

ಬಂದೆ. ನನ್ನ ಹಿಂದೆ ಅವಳು ಅಳುವುದು ಕೇಳಬಹುದು ಎಂದು ಬೇಲಿಯ ಹತ್ತಿರ ನಿಂತೆ. ಕೇಳಲಿಲ್ಲ.

ನಿನ್ನಿಂದ ಕಾಗದ ಬಂದರೂ ಬಾರದಿದ್ದರೂ ನೀನು ಹೇಳಿದ್ದು ಸರಿ. ಹಗಲಲ್ಲೇ ಹೇಳಬೇಕಿತ್ತು. ಅವಳ ಮುಖವನ್ನು ಪೊರೆ ಬಂದ ಕಣ್ಣಿನಲ್ಲೂ ನೋಡಿದೆ.

ದೊತ್ಸೆ


ಕೇಟಾ
ಆಗಸ್ಟ್ 23, 1998

ಸಿತ್ಸೊಫೆ,

ನಾನು ಕೊಕುಯಿ. ನಂಗೆ ಬರಿಯೋಕೆ ಬರಲ್ಲ, ರೇಡಿಯೊ ಯಾಯ್ರಾ ಬರೀತಿದಾಳೆ. ನಾನು ಹೇಳಿದ್ದು ಹಂಗೇ ಬರಿ, ಚಂದ ಮಾಡ್ಬೇಡ ಅಂದಿದೀನಿ.

ಭಾವ ಬಂದು ಹೇಳಿದ್ರು. ಮೂರು ವಾರ ಅವರ ಮುಖ ನೋಡ್ಲಿಲ್ಲ. ನೋಡ್ದೆ ಇರೋಕೂ ಆಗಲ್ಲ, ಒಂದೇ ಓಣಿ. ಇರಲಿ, ಅದು ನಮ್ಮನೆ ವಿಷಯ, ನಾವು ನೋಡ್ಕೋತೀವಿ. ನಿಂಗೆ ಹೇಳೋದು ಬೇರೆ ಇದೆ.

ಅಬೊಲೊ ಮುಟ್ಬೇಡಿ ಅಂತ ಮಾರ್ಕೆಟ್ಟಲ್ಲಿ ಹೇಳಿದ್ದು ನಾನೇ. ಒಬ್ಬೊಬ್ಬರ ಹತ್ರಾನೂ ಹೋಗಿ ಹೇಳ್ದೆ. ನಿನ್ ಕೈಯಿಂದ ತಪ್ಪಾಯ್ತು ಅಂತ ನಂಗೆ ಖಾತ್ರಿ ಇತ್ತಾ? ಇರ್ಲಿಲ್ಲ. ಅದೇನು ತಂತಿನೋ ಅದರೊಳಗೆ ಏನಿರುತ್ತೋ ನಂಗೇನು ಗೊತ್ತು. ಸಮುದ್ರದ ಮುಂದೆ ನಿಂತ್ಕೊಂಡು ಎಂಟು ದಿನ ಬೈದ್ರೂ ಅದು ತಿರುಗಿ ನೋಡಲ್ಲ. ನೀನು ಕಿಟಕೀಲಿ ನಿಂತು ಅಳ್ತಿದ್ದೆ. ಅದಕ್ಕೆ ನಿನ್ನ ಬೈದೆ. ಬೈಯೋಕೆ ನಂಗೊಬ್ಬರು ಬೇಕಿತ್ತು.

ನಿಮ್ಮಮ್ಮ ಕೊನೆಗಾಲದಲ್ಲಿ ನನ್ನ ಕಂಡ್ರೆ ಮೊದ್ಲು ಅವರೇ ನಮಸ್ಕಾರ ಅನ್ನೋರು. ನಾನು ತಲೆ ತಿರುಗಿಸ್ಕೊಂಡು ಹೋಗ್ತಿದ್ದೆ. ಅದನ್ನ ನೆನೆಸ್ಕೊಂಡ್ರೆ ಈಗ ಊಟ ಸೇರಲ್ಲ. ಮೊನ್ನೆ ಅವರ ಸಮಾಧಿ ಹತ್ರ ಹೋಗಿ ಮರಳೆಲ್ಲ ಗುಡಿಸಿ ಬಂದೆ. ಅಲ್ಲಿ ಕೂತು ಏನು ಮಾತಾಡ್ದೆ ಅಂತ ಯಾಯ್ರಾಗೂ ಹೇಳಲ್ಲ.

ರೇಡಿಯೊ ಇನ್ನೂ ಸತ್ತೇ ಬಿದ್ದಿದೆ. ನನ್ ಎರಡನೇ ಮಗ ಈಗ ದೋಣಿಗೆ ಹೋಗ್ತಾನೆ. ಕಿವೀಲಿ ರೇಡಿಯೊ ಇಟ್ಕೊಂಡು ಹೋಗ್ತಾನೆ, ಬರೀ ಬುಸ್ ಅನ್ನುತ್ತೆ. ನೀನು ಬಂದು ಸರಿ ಮಾಡು ಅಂತ ಕೇಳೋ ಹಕ್ಕು ನಂಗಿಲ್ಲ, ಆದ್ರೂ ಕೇಳ್ತಿದೀನಿ. ಬಂದ್ರೆ ನಮ್ಮನೇಲಿ ಇಳ್ಕೊ. ಬೇರೆ ಕಡೆ ಇಳ್ಕೊಂಡ್ರೆ ಊರಿನೋರು ಮತ್ತೆ ಏನೇನೋ ಅಂತಾರೆ.

ಕೊಕುಯಿ
(ಅವಳ ಹೆಬ್ಬೆಟ್ಟು. ಬರೆದವಳು ಯಾಯ್ರಾ.)


ಟೇಮಾ
ಸೆಪ್ಟೆಂಬರ್ 14, 1998

ದೊತ್ಸೆ ಅವರಿಗೆ,

ಅಕ್ಟೋಬರ್ 6, ಮಂಗಳವಾರ ಬರುತ್ತೇನೆ. ಹೊಸ ಕನೆಕ್ಟರ್, ಟೇಪು ನಾನೇ ತರುತ್ತೇನೆ. ಕೊಕುಯಿಯ ಮನೆಯಲ್ಲಿ ಇಳಿಯುತ್ತೇನೆ.

ಆ ದಿನ ನೀವು ಕೇಂದ್ರದ ಹತ್ತಿರ ಇರಬೇಡಿ. ಗೋಪುರದ ಮೇಲಿದ್ದಾಗ ನನ್ನ ಕಣ್ಣು ಕೇಬಲ್ ಮೇಲೇ ಇರಬೇಕು.

ಸಿತ್ಸೊಫೆ


ಕೇಟಾ
ಅಕ್ಟೋಬರ್ 8, 1998

ಸಿತ್ಸೊಫೆ,

ನೀನು ಹೇಳಿದ ಹಾಗೆ ನಾನು ಮನೆಯಲ್ಲೇ ಇದ್ದೆ. ಬೇವಿನ ಮರದಡಿ ಕುರ್ಚಿ ಹಾಕಿಕೊಂಡು ರೇಡಿಯೊ ಮಡಿಲಲ್ಲಿಟ್ಟುಕೊಂಡು ಬೆಳಿಗ್ಗೆಯಿಂದ ಕೂತಿದ್ದೆ. ಓಣಿಯ ಹೆಂಗಸರು ಹೋಗುತ್ತಾ ಬರುತ್ತಾ ಹೇಳುತ್ತಿದ್ದರು. "ಹತ್ತಿದ್ಲಂತೆ." "ಸೊಂಟಕ್ಕೆ ಹಗ್ಗ ಕಟ್ಕೊಂಡಿದಾಳಂತೆ." "ಕೊಕುಯಿ ಕೆಳಗೆ ನಿಂತು, ಊಟಕ್ಕಿಳಿಯೇ ಅಂತ ಬೈತಿದಾಳಂತೆ, ಅವಳು ಇಳೀತಿಲ್ವಂತೆ."

ನಾಲ್ಕು ಗಂಟೆ ದಾಟಿದ ಮೇಲೆ ಬುಸುಗುಟ್ಟುವುದು ನಿಂತಿತು. ಏನೂ ಇಲ್ಲ, ಬರೀ ಮೌನ. ಆ ಮೌನ ಕೇಳಿದಾಗಲೇ ಕೆಲಸ ಆಯಿತೆಂದು ನನಗೆ ತಿಳಿಯಿತು. ನೀರು ಕುಡಿದ ಕೇಬಲ್ಲಿಗೆ ಅಷ್ಟು ಶುದ್ಧವಾಗಿ ಸುಮ್ಮನಿರಲು ಬರುವುದಿಲ್ಲ. ಆಮೇಲೆ ಯಾಯ್ರಾ ಮೀನಿನ ದರ ಓದಿದಳು. ಪಕ್ಕದಲ್ಲೇ ಕೂತು ಓದಿದ ಹಾಗಿತ್ತು.

ಅಕ್ರಾದಲ್ಲಿ ಕಣ್ಣಿನ ಪೊರೆ ತೆಗೆಯುತ್ತಾರಂತೆ. ಡಿಸೆಂಬರಿಗೆ ಬರಹೇಳಿದ್ದಾರೆ. ಕೊಕುಯಿಯ ಮಗಳು ಕರೆದುಕೊಂಡು ಹೋಗುತ್ತಾಳೆ. ಕಳಿಸುತ್ತಿರುವವಳು ಕೊಕುಯಿಯೇ. ಇನ್ನೂ ನನ್ನ ಜೊತೆ ಹೆಚ್ಚು ಮಾತಿಲ್ಲ.

ದೊತ್ಸೆ


ಟೇಮಾ
ಅಕ್ಟೋಬರ್ 27, 1998

ದೊತ್ಸೆ ಅವರಿಗೆ,

ಯಾಯ್ರಾ ಬರೆದಿದ್ದಾಳೆ. ಎರಡು ದೊಡ್ಡ ಮಳೆ ಬಂದರೂ ಮೀಟರಿನ ಮುಳ್ಳು ಕದಲಿಲ್ಲವಂತೆ.

ಗೋಪುರದ ಮೇಲಿನಿಂದ ಊರು ಪೂರ್ತಿ ಕಾಣುತ್ತಿತ್ತು. ಉಳಿದಿರುವ ಊರು, ಅದರಾಚೆ ಸಮುದ್ರದೊಳಗೆ ನಮ್ಮ ಹಳೆಯ ಬೀದಿ ಇದ್ದ ಜಾಗ. ಅಲ್ಲಿ ಅಲೆ ಬೇರೆ ಥರ ಮುರಿಯುತ್ತದೆ, ಕೆಳಗೆ ಗೋಡೆಗಳಿವೆಯಲ್ಲ. ಚರ್ಚು ಇದ್ದದ್ದು ಎಲ್ಲಿ, ಮಾರುಕಟ್ಟೆ ಎಲ್ಲಿ ಎಂದು ಅಲೆ ನೋಡಿಯೇ ಗುರುತಿಸಿದೆ. ನಮ್ಮ ಷೆಡ್ಡನ್ನೂ ಹುಡುಕಿದೆ. ಅಷ್ಟು ಹೊತ್ತು ಕೆಳಗಿಳಿಯದೆ ಕೂತದ್ದು ಅದಕ್ಕೇ, ಕೇಬಲ್ ಕೆಲಸ ಎರಡೇ ತಾಸಿನಲ್ಲಿ ಮುಗಿದಿತ್ತು, ನಾನು ಇಳಿದ ಮೇಲೆ ಯಾಯ್ರಾ ಟ್ರಾನ್ಸ್‌ಮಿಟರ್ ಹಾಕಿದಳು. ಬೇವಿನ ಮರದಡಿ ಕೂತ ನೀವೂ ಕಂಡಿರಿ. ಕುರ್ಚಿಯಲ್ಲಿ ಮುದುಕರ ಹಾಗೆ ಕೂತಿದ್ದಿರಿ.

ಅಮ್ಮನ ಹತ್ತಿರ ಹೋಗಿದ್ದೆ. ಕೊಕುಯಿ ಜೊತೆಗೆ ಬಂದಳು, ಆದರೆ ದೂರವೇ ನಿಂತಳು. ರಾತ್ರಿ ಒಂದೇ ಬಟ್ಟಲಿನಲ್ಲಿ ಅಕ್ಪ್ಲೆ ಮುದ್ದೆ ತಿಂದೆವು. ಸೆನಾನುವಿನ ಮಾತೆತ್ತಿ ಇಬ್ಬರೂ ನಕ್ಕೆವು, ಆಮೇಲೆ ಇಬ್ಬರಿಗೂ ಸಾಕಾಯಿತು, ಮಲಗಿದೆವು.

ನಿಮ್ಮನ್ನು ಕ್ಷಮಿಸಿದ್ದೇನೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಬೇಡಿ. ಗೊತ್ತಾದ ದಿನ ನಾನೇ ಹೇಳುತ್ತೇನೆ.

ಉಪ್ಪುಗಾಳಿಯ ಊರಿನಲ್ಲಿ ಯಾವ ಜೋಡಣೆಯನ್ನೂ ಒಮ್ಮೆ ಮಾಡಿ ಮರೆಯುವಂತಿಲ್ಲ. ಆರು ತಿಂಗಳಿಗೊಮ್ಮೆ ಬಿಚ್ಚಿ ನೋಡಬೇಕು. ಏಪ್ರಿಲ್ಲಿನಲ್ಲಿ ಮತ್ತೆ ಬರುತ್ತೇನೆ. ಮೇಲುತುದಿ ನಾನು ನೋಡುತ್ತೇನೆ. ಅಷ್ಟರಲ್ಲಿ ನಿಮಗೆ ಕಣ್ಣು ಕಾಣುವಂತಾಗಿದ್ದರೆ, ಕೆಳತುದಿಗೆ ನೀವು ಕೂತುಕೊಳ್ಳಿ.

ಸಿತ್ಸೊಫೆ